‘ನಾನೂ ನಕ್ಕೆ’ ಎಂದ ಮೇಡಂ

ಸಮಾಜಕಾರ್ಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಬೋಧಿಸುವವರ ಬಳಗದಲ್ಲಿ ದಪ್ಪ ಗ್ರಂಥಗಳನ್ನು ಬರೆದು ಹೆಸರಾದವರಿದ್ದಾರೆ, ದೊಡ್ಡ ಸಮಿತಿಗಳಲ್ಲಿ ಕುಳಿತು ಹೆಸರಾದವರಿದ್ದಾರೆ, ಅದೇ ಸಮಿತಿಗಳಲ್ಲಿ ಕುಳಿತಲ್ಲೇ ನಿದ್ದೆ ಹೋಗಿ ಹೆಸರಾದವರೂ ಇದ್ದಾರೆ. ಈ ತಿಂಗಳ ಕೊನೆಗೆ ವಿಭಾಗದ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರಾದರೋ ಹೆಸರಾದದ್ದು ಬೇರೆಯವರ ಮಾತನ್ನು ಕೇಳಿಸಿಕೊಂಡು. ಮಾತಾಡಿದ್ದಕ್ಕೇ ಸಂಬಳ ಸಿಗುವ ಈ ವೃತ್ತಿಯಲ್ಲಿ, ಕೇಳಿಸಿಕೊಳ್ಳುವುದನ್ನೂ ಒಂದು ಕಸುಬೆಂದು ತಿಳಿದು, ಅದನ್ನು ತಾವು ಮಾಡಿ, ಇತರರಿಗೂ ಕಲಿಸಿದ ಅವರನ್ನು ಅಭಿನಂದಿಸುವುದು ವಿಭಾಗಕ್ಕೆ ಹೆಮ್ಮೆಯ ಸಂಗತಿ.

ಅವರ ಬಾಯಿಂದ ಅತಿ ಹೆಚ್ಚಾಗಿ ಹೊರಟ ಶಬ್ದ ‘ಹ್ಞೂಂ’. ಅದರಲ್ಲಿ ಪ್ರಭೇದಗಳಿದ್ದವು. ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಮುಗಿಯುವ ಗಿಡ್ಡ ಹ್ಞೂಂ ಬಂದರೆ ‘ಮುಂದೆ ಹೇಳು’ ಎಂದರ್ಥ. ಮೂಗಿನ ತುದಿಗೆ ಏರಿ ಅಲ್ಲೇ ನಿಂತುಬಿಡುವ ಹ್ಞೂಂ ಬಂದರೆ ‘ಇದನ್ನು ನೀನಾದರೂ ನಂಬುತ್ತೀಯಾ?’ ಎಂದರ್ಥ, ನಿಧಾನಕ್ಕೆ ಇಳಿದು ಆರಿಹೋಗುವ ಉದ್ದನೆಯ ಹ್ಞೂಂ ಬಂದಿತೋ, ವಿದ್ಯಾರ್ಥಿ ಸುಮ್ಮನೆ ಕಾಗದ ಮಡಚಿಕೊಂಡು ಎದ್ದು ಹೋಗಿ ಇಡೀ ವರದಿಯನ್ನು ಮತ್ತೆ ಬರೆದುಕೊಂಡು ಬರುತ್ತಿದ್ದ.

ಮೇಡಂ ಸೇವೆಗೆ ಸೇರಿದಾಗ ವಿಭಾಗವೆಂಬುದು ರಸಾಯನಶಾಸ್ತ್ರದವರು ಬಿಟ್ಟುಕೊಟ್ಟ ಉಗ್ರಾಣದ ಕೋಣೆಗಳಲ್ಲಿ ನಡೆಯುತ್ತಿತ್ತು. ಮೇಜಿನ ಮೇಲೆ ಆಮ್ಲದ ಕಲೆ, ಗೋಡೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಕ್ಷೇತ್ರಕಾರ್ಯವೆಂದರೆ ಯಾವುದಾದರೂ ಸಂಸ್ಥೆಗೆ ಹೋಗಿ, ಬಂದಿದ್ದೆನೆಂದು ಮುದ್ರೆ ಒತ್ತಿಸಿಕೊಂಡು ಬರುವುದು. ಅದನ್ನು ಬದಲಿಸಿದವರು ಅವರೇ. ವಿದ್ಯಾರ್ಥಿ ಎಲ್ಲಿ ಕೆಲಸ ಮಾಡುತ್ತಾನೋ ಪಾಠವೂ ಅಲ್ಲೇ ನಡೆಯಬೇಕೆಂದು ಹಟ ಹಿಡಿದು, ಕೋರ್ಟಿನ ಮೊಗಸಾಲೆ, ಅನಾಥಾಲಯದ ಮೆಟ್ಟಿಲು, ಆಸ್ಪತ್ರೆಯ ಕಾರಿಡಾರುಗಳಲ್ಲೇ ಅವರು ತರಗತಿ ನಡೆಸಿದರು. ಅನಾಥ ಮಕ್ಕಳ ನಿಲಯಕ್ಕೆ ಮೊದಲ ಸಲ ಹೋಗಿ ಅತ್ತುಕೊಂಡು ಹೊರಬಂದ ವಿದ್ಯಾರ್ಥಿನಿಯನ್ನು ಎದುರಿನ ಚಹಾ ಅಂಗಡಿಗೆ ಕರೆದೊಯ್ದು, ಒಂದು ಗಂಟೆ ಕಾಲ ಆ ಮಕ್ಕಳ ವಿಷಯವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾತಾಡಿಸಿದವರು ಅವರು. ಹಸುಗೂಸನ್ನು ಬಿಟ್ಟುಬರಲಾಗದೆ ಓದು ನಿಲ್ಲಿಸಲು ಹೊರಟಿದ್ದ ಇನ್ನೊಬ್ಬಳ ಕೂಸನ್ನು ವಿಚಾರಗೋಷ್ಠಿ ಮುಗಿಯುವವರೆಗೂ ಮಡಿಲಲ್ಲಿಟ್ಟುಕೊಂಡು, ಹಾಜರಿ ಕರೆಯುವಾಗ ಕೂಸಿನ ಕೈಯನ್ನೂ ಎತ್ತಿಸಿದವರು ಅವರೇ. ಆ ಕೂಸು ಈಗ ಕಾಲೇಜಿಗೆ ಹೋಗುತ್ತಿದೆ; ಅಷ್ಟು ನಿಯಮಿತವಾಗಿ ಹಾಜರಾಗುತ್ತಿಲ್ಲವೆಂದು ಸುದ್ದಿ.

ಇಂಥ ನೆನಪುಗಳು ಹಲವಿದ್ದರೂ, ಅವರ ಗುರುತ್ವವನ್ನು ಬಲ್ಲವರೆಲ್ಲ ಮೊದಲು ಹೇಳುವುದು ‘ಟೇಪು’ವಿನ ಪ್ರಸಂಗವನ್ನು.

ಕೇಳಿದ ಧ್ವನಿಯನ್ನು ಹಾಗೆಯೇ ತಿರುಗಿ ನುಡಿಸುವ ಚಾಳಿಯಿಂದಾಗಿ ಆ ಹುಡುಗನಿಗೆ ಸಹಪಾಠಿಗಳು ಟೇಪ್‌ರೆಕಾರ್ಡರ್ ಎಂದು ಹೆಸರಿಟ್ಟು, ಆಮೇಲೆ ಅಷ್ಟುದ್ದ ಕರೆಯಲು ಬೇಸರವಾಗಿ ‘ಟೇಪು’ ಎಂದು ಕತ್ತರಿಸಿದ್ದರು. ವಿಭಾಗದ ಮುಖ್ಯಸ್ಥರು ಮೈಕಿಲ್ಲದ ಕೋಣೆಯಲ್ಲೂ ಮೈಕಿದೆಯೆಂದುಕೊಂಡು ಗುಡುಗುವುದು, ಗ್ರಂಥಪಾಲಕರು ಪುಸ್ತಕ ಕೊಡುವಾಗ ಹಲ್ಲು ಕೀಳಿಸಿಕೊಳ್ಳುವವರಂತೆ ನರಳುವುದು, ಕೊನೆಗೆ ವಿಭಾಗದ ಫ್ಯಾನು ತಿರುಗುವ ಮುನ್ನ ಕೆಮ್ಮುವುದು, ಯಾವುದೂ ಅವನ ಗಂಟಲಿನಿಂದ ತಪ್ಪಿಸಿಕೊಂಡಿರಲಿಲ್ಲ.

ಓದು ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತ್ತು. ಸ್ನಾತಕೋತ್ತರ ಎಂಬ ಪದದಲ್ಲಿ ‘ಉತ್ತರ’ ಇದೆಯಾದರೂ ಅಲ್ಲಿ ಸಿಗುವುದೆಲ್ಲ ಪ್ರಶ್ನೆಗಳೇ ಎಂದು ಅವನಿಗೆ ಬೇಗನೆ ಗೊತ್ತಾಯಿತು. ಬೆಳಗ್ಗೆ ಸಿದ್ಧಾಂತ, ಮಧ್ಯಾಹ್ನ ಸಂಶೋಧನಾ ವಿಧಾನ, ವಾರದಲ್ಲೆರಡು ದಿನ ಕ್ಷೇತ್ರಕಾರ್ಯ. ಇವುಗಳ ನಡುವೆ ಬಟ್ಟೆ ಒಗೆಯುವುದು ಯಾವಾಗ ಎಂಬುದಕ್ಕೆ ಯಾವ ಸಿದ್ಧಾಂತದಲ್ಲೂ ಉತ್ತರವಿರಲಿಲ್ಲ. ಅವನಿಗೆ ಆಶ್ರಯ ಕೊಟ್ಟಿದ್ದ ಚಿಕ್ಕಮ್ಮನಂತೂ ದಿನಾ ಕಾಲೆಳೆಯುತ್ತಿದ್ದಳು.

“ಸಮಾಜಸೇವೆ ಮಾಡೋಕೂ ಡಿಗ್ರಿ ಬೇಕೇನೋ? ನಾನು ಈ ಮನೇಲಿ ಇಷ್ಟು ವರ್ಷದಿಂದ ಡಿಗ್ರಿ ಇಲ್ದೇನೇ ಮಾಡ್ತಾ ಇದೀನಿ. ಒಬ್ರಾದ್ರೂ ಪೇಪರ್‌ನಲ್ಲಿ ಹಾಕಿದಾರಾ?”

“ಸೇವೆ ಅಲ್ಲ ಚಿಕ್ಕಮ್ಮ, ಕಾರ್ಯ. ಸಮಾಜಕಾರ್ಯ.”

“ಆಯ್ತಪ್ಪ, ಕಾರ್ಯ. ವಾರಕ್ಕೆರಡು ದಿನ ಅದ್ಯಾವುದೋ ಕ್ಷೇತ್ರಕ್ಕೆ ಹೋಗಿ ಬರ್ತೀಯಲ್ಲ, ಪುಣ್ಯ ಎಷ್ಟು ಬಂತು?”

ಅವನ ಕ್ಷೇತ್ರ ಒಂದು ದೊಡ್ಡ ಆಸ್ಪತ್ರೆಯ ಡಯಾಲಿಸಿಸ್ ವಾರ್ಡು. ಮೊದಲ ದಿನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದವನನ್ನು ನರ್ಸು “ಏನು ಬೇಕಿತ್ತು?” ಎಂದು ಕೇಳಿದ್ದಳು. “ಸಮಾಜಕಾರ್ಯ” ಎಂದು ಇವನು ಹೇಳಿದ್ದಕ್ಕೆ “ಅದು ಮೇಲಿನ ಮಹಡಿ ಇರಬೇಕು ನೋಡಿ” ಎಂದು ದಾರಿ ತೋರಿಸಿದ್ದಳು. ಅವನು ಮೇಲಿನ ಮಹಡಿಗೂ ಹೋಗಿ ಬಂದ. ಮೇಡಂ ಈ ವರದಿ ಕೇಳಿ, ಗಿಡ್ಡ ಹ್ಞೂಂ ಹೇಳಿ, ನಕ್ಕು, ಒಂದೇ ಒಂದು ಸೂಚನೆ ಕೊಟ್ಟರು: “ನಾಳೆ ಹೋದ ತಕ್ಷಣ ಒಂದು ಸ್ಟೂಲ್ ಹುಡುಕಿಕೊಂಡು ಕೂತ್ಕೋ. ನಿಂತಿದ್ರೆ ಡಾಕ್ಟರ್ ಅಂದ್ಕೊಂಡು ಹೆದರ್ತಾರೆ, ಇಲ್ಲಾ ಬಿಲ್ ಕೊಡೋಕೆ ಬಂದವನು ಅಂದ್ಕೊಂಡು ಕಣ್ಣು ಮುಚ್ತಾರೆ.”

ಅವನು ಸ್ಟೂಲು ಹಾಕಿಕೊಂಡದ್ದು ಕಿಟಕಿಯ ಪಕ್ಕದ ಹಾಸಿಗೆಯ ಬಳಿ. ಅಲ್ಲಿ ಮಲಗುತ್ತಿದ್ದವರು ಒಬ್ಬ ಬಸ್ ಚಾಲಕರು. ತೋಳಿನಿಂದ ಹೊರಟ ರಕ್ತ ಯಂತ್ರವನ್ನೆಲ್ಲ ಸುತ್ತಿ ಮತ್ತೆ ತೋಳಿಗೇ ಬಂದು ಸೇರುವುದನ್ನು ನೋಡುತ್ತ, “ನಾಲ್ಕು ಗಂಟೆ ಟ್ರಿಪ್ಪು ಕಣಪ್ಪ. ಒಂದು ಸ್ಟಾಪೂ ಇಲ್ಲ, ಇಳಿದಾಗ ಹತ್ತಿದ ಜಾಗದಲ್ಲೇ ಇರ್ತೀವಿ” ಎನ್ನುವರು. ಪ್ರತಿ ಮಾತಿಗೂ ಮುನ್ನ ಗೇರು ಬದಲಿಸಿದಂತೆ ಒಂದು ಕೆಮ್ಮು. ನಡುನಡುವೆ ‘ಏನಪ್ಪಾ ಅಂದ್ರೆ’. ಮಾತಿನ ಕೊನೆಯಲ್ಲಿ ಇಳಿಜಾರಿಗೆ ಬಂದ ಗಾಡಿಯಂತೆ ತಗ್ಗುವ ದನಿ. ನೀರು ಕುಡಿಯುವಂತಿಲ್ಲವಾದ್ದರಿಂದ ಮಂಜುಗಡ್ಡೆಯ ಚೂರೊಂದನ್ನು ಬಾಯಲ್ಲಿ ಆಡಿಸುತ್ತ, ಕೆಲವು ವಾರಗಳ ಮೇಲೆ, ಅವರು ಮನೆಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಆ ಸ್ಟೂಲಿನವನಿಗೆ ಹೇಳಿದರು. ಇನ್ನು ಬಸ್ಸು ಓಡಿಸುವುದು ಆಗದ ಮಾತೆಂದು ಡಾಕ್ಟರು ಯಾವತ್ತೋ ಹೇಳಿಯಾಗಿತ್ತು. ಮನೆಯಲ್ಲಿ ಮಾತ್ರ ‘ಇನ್ನೇನು, ಡ್ಯೂಟಿಗೆ ಹೋಗಬಹುದಂತೆ’ ಎಂದೇ ಅವರು ನಡೆಸಿಕೊಂಡು ಬಂದಿದ್ದರು. ಹೆಂಡತಿ ವಾರವಾರವೂ ಅವರ ಖಾಕಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಬಾಗಿಲ ಹಿಂದೆ ತೂಗುಹಾಕುತ್ತಿದ್ದಳು.

ವಿಭಾಗದಲ್ಲಿ ಆಗ ಕೌಶಲ ತರಗತಿಯೆಂಬುದೊಂದಿತ್ತು, ಈಗಲೂ ಇದೆ. ಒಬ್ಬರು ಸೇವಾರ್ಥಿಯ, ಎಂದರೆ ನೆರವು ಬೇಕಾದವರ, ಪಾತ್ರ ಮಾಡುವುದು, ಇನ್ನೊಬ್ಬರು ಅವರನ್ನು ಮಾತಾಡಿಸುವುದು, ಉಳಿದವರು ನೋಡಿ ತಪ್ಪು ಒಪ್ಪು ಹೇಳುವುದು. ಹೆಸರು ಹೇಳಬಾರದು, ಊರು ಹೇಳಬಾರದು, ಆಸ್ಪತ್ರೆ ಹೇಳಬಾರದು ಎಂಬುದು ನಿಯಮ. ಟೇಪು ನಿಯಮವನ್ನು ಅಕ್ಷರಶಃ ಪಾಲಿಸಿದ. ಕುರ್ಚಿಯ ಮೇಲೆ ಒರಗಿ, ತೋಳು ಚಾಚಿ, ಇಲ್ಲದ ಮಂಜುಗಡ್ಡೆಯನ್ನು ಬಾಯಲ್ಲಿ ಹೊರಳಿಸಿ, ಕೆಮ್ಮಿ, ಶುರುಮಾಡಿದ: “ಏನಪ್ಪಾ ಅಂದ್ರೆ… ನಾಲ್ಕು ಗಂಟೆ ಟ್ರಿಪ್ಪು ಕಣಪ್ಪ…”

ತರಗತಿ ಹೊಟ್ಟೆ ಹಿಡಿದುಕೊಂಡಿತು. ಮಾತಾಡಿಸಬೇಕಾದ ಹುಡುಗನೇ ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದ. ನಗು ಏರಿದಷ್ಟೂ ಟೇಪುವಿಗೆ ಹುರುಪು. ಖಾಕಿಯ ಮಾತು ಬಂತು, ಇಸ್ತ್ರಿಯ ಮಾತು ಬಂತು, ಡಾಕ್ಟರು ಹೇಳಿದ್ದು ಬಂತು, ಕೊನೆಗೆ ಆ ಇಳಿಜಾರಿನ ದನಿಯಲ್ಲಿ “ಮನೇಲಿ ಹೇಳೋಕೆ ಧೈರ್ಯ ಇಲ್ಲ ಕಣಪ್ಪ” ಎಂಬುದೂ ಬಂತು.

ಮುಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ.

“ಅದು ನಮ್ಮ ದೊಡ್ಡಪ್ಪ” ಎಂದಳು. ಹೊರಗೆ ಹೋದಳು.

ಹೆಸರನ್ನು ಮುಚ್ಚಿಟ್ಟವನು ದನಿಯನ್ನು ಮುಚ್ಚಿಟ್ಟಿರಲಿಲ್ಲ. ಸಮಾಜಕಾರ್ಯದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ; ನಂಬಿ ಹೇಳಿದ ಮಾತನ್ನು ಹೊರಗೆ ಹಾಕಿದವನ ಕ್ಷೇತ್ರಕಾರ್ಯ ರದ್ದಾಗುತ್ತದೆ, ಕ್ಷೇತ್ರಕಾರ್ಯ ರದ್ದಾದರೆ ಪದವಿಯ ಮಾತೇ ಇಲ್ಲ. ಟೇಪು ಇನ್ನೂ ಕುರ್ಚಿಯಲ್ಲಿ ತೋಳು ಚಾಚಿಕೊಂಡೇ ಇದ್ದ. ಅದನ್ನು ಮಡಚಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಮೊದಲು ಅವನ ಬಳಿಗೆ ಬರಲಿಲ್ಲ. ಹುಡುಗಿಯ ಹಿಂದೆ ಹೋದರು. ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಅವಳು ಸಿಕ್ಕಳು.

“ನಿನಗೆ ಕೇಳಿಸಬಾರದ್ದು ಕೇಳಿಸಿದೆ. ಅದನ್ನ ವಾಪಸ್ ತಗೊಳ್ಳೋಕೆ ನನ್ನ ಕೈಲಾಗಲ್ಲ” ಎಂದರು ಮೇಡಂ. “ನಾಳೆ ಅವರು ಆಸ್ಪತ್ರೆಗೆ ಬರ್ತಾರೆ. ಅಲ್ಲೀವರೆಗೆ ಮನೇಲಿ ಸುಮ್ಮನಿರೋಕೆ ನಿನ್ನ ಕೈಲಾಗುತ್ತಾ?”

“ಒಂದೇ ಮನೇಲಿ ಇರೋದು ಮೇಡಂ. ಊಟಕ್ಕೆ ಕೂತಾಗ ದೊಡ್ಡಮ್ಮನ ಮುಖ ಹೇಗೆ ನೋಡ್ಲಿ?”

“ಹಾಗಾದ್ರೆ ಇವತ್ತು ನಮ್ಮನೇಗೆ ಬಾ. ಓದೋದಿದೆ ಅಂತ ಫೋನ್ ಮಾಡು. ಸುಳ್ಳಾಗಬಾರದು ಅಂದ್ರೆ ಸ್ವಲ್ಪ ಓದಿಬಿಡೋಣ.”

ಆ ಸಂಜೆ ಅವಳಿಗೆ ಮೇಡಂ ಸಂಶೋಧನಾ ವಿಧಾನದ ಒಂದು ಇಡೀ ಅಧ್ಯಾಯವನ್ನು ಓದಿಸಿದರಂತೆ. ದೊಡ್ಡಪ್ಪನ ಮಾತು ಕೇಳಿದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತೆಂದು ಅವಳು ಮುಂದೆ ಹೇಳುತ್ತಿದ್ದುದುಂಟು.

ಮರುದಿನ ಟೇಪುವನ್ನು ಮೇಡಂ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಆ ಸ್ಕೂಟರು ಎಷ್ಟು ನಿಧಾನವೆಂದರೆ, ಪಕ್ಕದಲ್ಲಿ ನಡೆದು ಹೋಗುವವರೊಡನೆ ಸಾವಕಾಶವಾಗಿ ಕ್ಷೇಮಸಮಾಚಾರ ವಿಚಾರಿಸಬಹುದಿತ್ತು. ಹಿಂದೆ ಕುಳಿತವನು ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಗುನುಗುತ್ತಿದ್ದ; ಒಮ್ಮೆ ಮುಖ್ಯಸ್ಥರ ಗಾಂಭೀರ್ಯದಲ್ಲಿ, ಒಮ್ಮೆ ಗ್ರಂಥಪಾಲಕರ ನರಳಿಕೆಯಲ್ಲಿ.

“ಯಾರ ದನಿಯಲ್ಲಿ ಹೇಳಬೇಕು ಅಂತಿದೀಯಾ?” ಎಂದರು ಮೇಡಂ, ತಿರುಗದೆ.

“ನಂದರಲ್ಲೇ ಮೇಡಂ.”

“ಅದು ಯಾವುದು? ನಾನಿನ್ನೂ ಕೇಳಿಲ್ಲ.”

ವಾರ್ಡಿನ ಬಾಗಿಲವರೆಗೆ ಬಂದ ಮೇಡಂ ಒಳಗೆ ಹೋಗಲಿಲ್ಲ. “ನಾನು ಬಂದ್ರೆ ಅವರು ನನ್ನ ಮುಖ ನೋಡಿ ಮಾತಾಡ್ತಾರೆ. ನೀನೇ ಹೋಗು. ಕ್ಷಮಿಸಿ ಅಂತ ಬೇಡ್ಕೋಬೇಡ, ಆಗಿದ್ದು ಹೇಳು, ಅವರು ಹೇಳೋದು ಕೇಳು” ಎಂದು ಹೊರಗಿನ ಬೆಂಚಿನ ಮೇಲೆ ಕುಳಿತರು.

“ಅಂಕಲ್, ಒಂದು ದೊಡ್ಡ ತಪ್ಪು ಮಾಡಿದೀನಿ.”

“ಏನಪ್ಪ, ಮೆಷಿನ್ ಮುಟ್ಟಿದ್ಯಾ?”

“ಇಲ್ಲ.”

“ಹಂಗಾದ್ರೆ ದೊಡ್ಡದೇನಲ್ಲ, ಹೇಳು.”

ಅವನು ಹೇಳಿದ. ನಗು ಬಂದದ್ದನ್ನೂ ಹೇಳಿದ, ಯಾರು ಎದ್ದು ಹೋದರೆಂಬುದನ್ನೂ ಹೇಳಿದ. ಚಾಲಕರು ಬಾಯಲ್ಲಿದ್ದ ಮಂಜುಗಡ್ಡೆಯ ಚೂರನ್ನು ಕಟಕ್ಕನೆ ಕಡಿದರು. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

“ಎಲ್ಲಿ, ಮಾಡು ನೋಡೋಣ.”

“ಬೇಡ ಅಂಕಲ್.”

“ಊರಿನವರಿಗೆಲ್ಲ ಮಾಡಿ ತೋರ್ಸಿದೀಯ, ನಂಗೊಬ್ಬನಿಗೆ ಮಾಡೋಕೆ ಏನು ಧಾಡಿ? ನಾನೇನು ಎದ್ದು ಹೋಗ್ತೀನಾ? ಕಟ್ಟಿ ಹಾಕಿದಾರೆ.”

ಟೇಪು ಕೆಮ್ಮಿದ. ಏನಪ್ಪಾ ಅಂದ್ರೆ ಎಂದ. ಪಕ್ಕದ ಹಾಸಿಗೆಯ ಬಳಿ ತೂಕ ಬರೆದುಕೊಳ್ಳುತ್ತಿದ್ದ ನರ್ಸು ಫಕ್ಕನೆ ನಕ್ಕಳು, ಚಾಲಕರೂ ನಕ್ಕರು. “ಬಡ್ಡಿಮಗನೆ, ಕೆಮ್ಮೂ ಬಿಟ್ಟಿಲ್ವಲ್ಲೋ!” ಮಾತು ಖಾಕಿಗೆ ಬಂದು, ಇಸ್ತ್ರಿಗೆ ಬಂದು, ದನಿ ಇಳಿಜಾರಿನಲ್ಲಿ ಇಳಿಯಿತು. ಚಾಲಕರ ನಗು ನಿಂತಿತು.

“ಅಲ್ಲಿ… ಕೊನೇಲಿ ಇಳೀತಲ್ಲ, ನಂದು ದಿಟವಾಗ್ಲೂ ಹಂಗೇ ಇಳಿಯುತ್ತಾ?”

“ಹೌದು ಅಂಕಲ್. ಡ್ಯೂಟಿ ಮಾತು ಬಂದಾಗೆಲ್ಲ.”

“ಹಂಗಾದ್ರೆ ಅವಳಿಗೆ ಗೊತ್ತಿರುತ್ತೆ ಬಿಡು.” ಅವರು ಹೆಂಡತಿಯ ವಿಷಯ ಹೇಳುತ್ತಿದ್ದರು. “ಆಯಸ್ಸೆಲ್ಲ ಈ ದನಿ ಕೇಳಿದವಳು. ನೀನು ಒಂದೆರಡು ತಿಂಗಳಲ್ಲಿ ಹಿಡಿದದ್ದು ಅವಳಿಗೆ ಸಿಕ್ಕಿರಲ್ವಾ? ಗೊತ್ತಿದ್ದೂ ಇಸ್ತ್ರಿ ಹಾಕ್ತಾ ಇದಾಳೆ. ನನಗೆ ಬೇಜಾರಾಗಬಾರದು ಅಂತ.” ಕಣ್ಣೊರೆಸಿಕೊಳ್ಳಲು ಒಂದೇ ಕೈ ಬಿಡುವಾಗಿತ್ತು. “ಇವತ್ತು ಹೋಗಿ ನಾನೇ ಹೇಳ್ತೀನಿ. ಹುಡುಗಿಗೆ ಹೇಳು, ಅವಳು ಬಾಯಿ ಬಿಡೋದು ಬೇಡ.”

ಟೇಪು ಏಳಲು ಹೊರಟಾಗ ಅವರು ಮತ್ತೆ ಕರೆದರು.

“ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಇನ್ಮೇಲೆ ಆ ಸ್ಟೂಲ್ ತಂದು ಇಲ್ಲಿ ಹಾಕ್ಬೇಡಪ್ಪ. ಮಾತಾಡೋಕೆ ಬಾಯಿ ತೆಗೆದ್ರೆ, ಯಾರು ನಗ್ತಾ ಇದಾರೋ ಅಂತ ಅನ್ಸುತ್ತೆ.”

ಹೊರಗೆ ಬಂದು ಅವನು ಮೇಡಂಗೆ ಎಲ್ಲವನ್ನೂ ವರದಿ ಮಾಡಿದ. ಚಾಲಕರ ಮಾತನ್ನು ಚಾಲಕರ ದನಿಯಲ್ಲಿ ಹೇಳದೆ, ಅವನು ಒಪ್ಪಿಸಿದ ಮೊದಲ ವರದಿ ಅದು. “ಸಿಟ್ಟಿಲ್ಲ ಅಂದ್ರು. ಬರಬೇಡ ಅಂತಾನೂ ಅಂದ್ರು.”

“ಎರಡೂ ಅವರ ಹಕ್ಕು” ಎಂದರು ಮೇಡಂ.

“ಕೋರ್ಸ್ ಬಿಟ್ಟುಬಿಡ್ತೀನಿ ಮೇಡಂ.”

“ಬಿಡು. ಆದ್ರೆ ಬಾಗಿಲ ಪಕ್ಕದ ಹಾಸಿಗೆಯ ಅಜ್ಜಿಗೆ ಬಸ್ ಪಾಸ್ ಮಾಡಿಸಿಕೊಡ್ತೀನಿ ಅಂತ ಹೇಳಿದೀಯಂತೆ. ಅದೊಂದು ಮುಗಿಸಿ ಬಿಡು.”

ಬಸ್ ಪಾಸಿನ ಕೆಲಸವೆಂದರೆ ಬಲ್ಲವರೇ ಬಲ್ಲರು. ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಊಟಕ್ಕೆ ಹೋದ ಗುಮಾಸ್ತರ ಖಾಲಿ ಕುರ್ಚಿಗೆ. ಅದು ಮುಗಿಯುವ ಹೊತ್ತಿಗೆ ಅಜ್ಜಿ ಇನ್ನೊಂದು ಕೆಲಸ ಹೇಳಿದ್ದಳು, ಅವಳ ಎದುರಿನ ಹಾಸಿಗೆಯವನು ಮತ್ತೊಂದು ಹೇಳಿದ್ದ. ಬಿಡುವುದಕ್ಕೆ ಬಿಡುವು ಸಿಗದೆ ಟೇಪು ಕೋರ್ಸಿನಲ್ಲೇ ಉಳಿದ. ಆದರೆ ಅವನನ್ನು ಉಳಿಸಿಕೊಳ್ಳುವುದೋ ಬೇಡವೋ ಎಂಬುದನ್ನು ವಿಭಾಗ ಇನ್ನೂ ತೀರ್ಮಾನಿಸಬೇಕಿತ್ತು.

ವಿಭಾಗದ ಸಭೆಯಲ್ಲಿ ಮುಖ್ಯಸ್ಥರು ಎಂದಿನಂತೆ ಇಲ್ಲದ ಮೈಕಿನೆದುರು ನಿಂತರು. “ಗೌಪ್ಯತೆಯೆಂಬುದು ನಮ್ಮ ವೃತ್ತಿಯ ಬೆನ್ನೆಲುಬು! ಬೆನ್ನೆಲುಬು ಮುರಿದವನಿಗೆ ಇಲ್ಲಿ ಜಾಗವಿಲ್ಲ! ಕ್ಷೇತ್ರಕಾರ್ಯ ರದ್ದಾಗತಕ್ಕದ್ದು!” ಅದನ್ನು ಕೇಳಲು ಹೊರಗೆ ನಿಂತಿದ್ದ ಟೇಪುವಿಗೆ ಬಾಗಿಲಿಗೆ ಕಿವಿಗೊಡುವ ಅಗತ್ಯವೂ ಬೀಳಲಿಲ್ಲ, ಎದುರಿನ ಕಟ್ಟಡದಲ್ಲಿದ್ದರೂ ಕೇಳಿಸುತ್ತಿತ್ತು.

ಮೇಡಂ ಅವರ ಮಾತು ಕೇಳಿಸಿಕೊಳ್ಳಲು ಮಾತ್ರ ಅವನು ಬಾಗಿಲಿಗೆ ಒರಗಬೇಕಾಯಿತು.

“ತಪ್ಪು ದೊಡ್ಡದೇ ಸರ್. ಅದರಲ್ಲಿ ವಾದ ಇಲ್ಲ. ಆದರೆ ಆ ತರಗತಿಯಲ್ಲಿ ಮಾರ್ಗದರ್ಶಕಿಯಾಗಿ ನಾನು ಕೂತಿದ್ದೆ. ಅವನು ಕೆಮ್ಮಿದಾಗಲೇ ಇದು ಪಾತ್ರಾಭಿನಯ ಅಲ್ಲ, ಒಬ್ಬ ಜೀವಂತ ಮನುಷ್ಯನ ನಕಲು ಅಂತ ನನಗೆ ಗೊತ್ತಾಗಬೇಕಿತ್ತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಅವನ ಕ್ಷೇತ್ರಕಾರ್ಯ ರದ್ದು ಮಾಡುವುದಾದರೆ ನನ್ನ ಮಾರ್ಗದರ್ಶನವನ್ನೂ ರದ್ದು ಮಾಡಿ.”

ನಡಾವಳಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ತಲೆಯೆತ್ತಿದರು. ಅಧ್ಯಾಪಕರ ವೃತ್ತಿಯಲ್ಲಿ, ಅದರಲ್ಲೂ ಲಿಖಿತ ನಡಾವಳಿಯಿರುವ ಸಭೆಯಲ್ಲಿ, ‘ನಾನೂ’ ಎಂಬ ಮಾತು ಅಷ್ಟು ಅಪರೂಪ. ಮುಖ್ಯಸ್ಥರು ಮೊದಲ ಬಾರಿಗೆ ಮೈಕು ಕೆಟ್ಟವರಂತೆ ಮೆಲ್ಲಗೆ, “ಆ ಹುಡುಗಿ ಏನಂತಾಳೆ?” ಎಂದು ಕೇಳಿದರು. ಅವಳನ್ನು ಕರೆಸಲಾಯಿತು.

“ಅವನು ಫೇಲ್ ಆಗೋದು ನಂಗೂ ಬೇಡ ಸರ್. ದೊಡ್ಡಪ್ಪ ಮನೇಲಿ ಹೇಳಿದಾರೆ. ದೊಡ್ಡಮ್ಮ ಖಾಕಿ ಮಡಚಿ ಒಳಗಿಟ್ಟಳು. ಇಬ್ರೂ ಈಗ ಹಗುರಾಗಿದಾರೆ. ಆದ್ರೆ ಅದಕ್ಕೆ ಇವನು ಒಳ್ಳೇದು ಮಾಡಿದ ಅಂತ ಯಾರೂ ಹೇಳಬಾರದು. ಇನ್ನೊಂದ್ಸಲ ದೊಡ್ಡಪ್ಪನ್ನ ‘ಮಾಡಿದ್ರೆ’ ನಾನೇ ಹೊಡೀತೀನಿ.”

ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದು ನಡಾವಳಿಯಲ್ಲಿ ದಾಖಲಾಯಿತು. ರಜೆಯ ಪೂರ್ತಿ ಹೆಚ್ಚುವರಿ ಕ್ಷೇತ್ರಕಾರ್ಯ ಮಾಡಬೇಕೆಂಬ ಷರತ್ತಿನ ಮೇಲೆ ಟೇಪು ಉಳಿದ. ಚಾಲಕರ ಹಾಸಿಗೆಯ ಬಳಿ ಬೇರೊಬ್ಬ ವಿದ್ಯಾರ್ಥಿನಿ ಕುಳಿತಳು. ಟೇಪು ಆ ಕಿಟಕಿಯ ಕಡೆ ಸ್ಟೂಲು ಒಯ್ಯಲಿಲ್ಲ, ಚಾಲಕರೂ ಕರೆಯಲಿಲ್ಲ. ಎದುರಾದಾಗ ಇಬ್ಬರೂ ತಲೆಯಾಡಿಸುತ್ತಿದ್ದರು, ಅಷ್ಟೇ. ಅಷ್ಟರಲ್ಲೇ ತೃಪ್ತಿಪಡುವುದನ್ನು ಕಲಿಯಲು ಅವನಿಗೆ ಆ ರಜೆಯೆಲ್ಲ ಬೇಕಾಯಿತು, ಮೇಡಂ ಪ್ರತಿ ವಾರವೂ ಅದನ್ನು ಅವನ ಬಾಯಿಂದಲೇ ಹೇಳಿಸಿ ಕೇಳಿಸಿಕೊಂಡರು.

ಅಂದಿನಿಂದ ವಿಭಾಗದ ಕೌಶಲ ತರಗತಿಯಲ್ಲಿ ಹೊಸ ಪದ್ಧತಿ ಬಂತು. ಪಾತ್ರ ಮಾಡುವವರು ಹೆಸರಿನ ಜೊತೆಗೆ ಕಸುಬು, ವಯಸ್ಸು, ಮಾತಿನ ಧಾಟಿ ಎಲ್ಲವನ್ನೂ ಬದಲಿಸಬೇಕು. ನಗು ಬಂದ ಕೂಡಲೇ ಆಟ ನಿಲ್ಲಿಸಿ, ಯಾರಿಗೆ ಏಕೆ ನಗು ಬಂತೆಂದು ವಿಚಾರಿಸಬೇಕು. ವಿಚಾರಣೆ ಮಾರ್ಗದರ್ಶಕರಿಂದಲೇ ಆರಂಭವಾಗಬೇಕು ಎಂಬ ಕೊನೆಯ ಅಂಶವನ್ನು ಸೇರಿಸಿದವರು ಮೇಡಂ. ಮುಂದೆ ಅವರು ಹಿರಿಯ ಅಧ್ಯಾಪಕಿಯಾದರು, ಮುಖ್ಯಸ್ಥೆಯೂ ಆದರು, ವಿಭಾಗ ವಾಸನೆಯಿಲ್ಲದ ಹೊಸ ಕಟ್ಟಡಕ್ಕೆ ಬಂದಿತು. ಆ ನಿಯಮ ಮಾತ್ರ ಹಳೆಯ ಮೇಜಿನೊಡನೆ ಹಾಗೆಯೇ ಬಂದಿದೆ.

ಟೇಪು ಇಂದು ಅದೇ ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು, ವಿಭಾಗದ ಮಕ್ಕಳಿಗೆ ಕ್ಷೇತ್ರ ಮಾರ್ಗದರ್ಶಕರು, ಬಹುವಚನಕ್ಕೆ ಅರ್ಹರು. ಅಣಕಿಸುವುದನ್ನು ಅವರು ಬಿಟ್ಟಿಲ್ಲ, ಬಿಡುವುದು ಸಾಧ್ಯವೂ ಇಲ್ಲ. ಆದರೆ ಈಗ ಯಾರನ್ನು ಮಾಡಬೇಕೋ ಅವರನ್ನೇ ಮೊದಲು ಕೇಳುತ್ತಾರೆ. ಹಳೆಯ ಮುಖ್ಯಸ್ಥರ ಒಪ್ಪಿಗೆ ಸಂತೋಷದಿಂದಲೇ ಸಿಕ್ಕಿತು. ಗ್ರಂಥಪಾಲಕರು ಒಪ್ಪಿಗೆಯನ್ನೂ ನರಳುತ್ತಲೇ ಕೊಟ್ಟರು.

ಬೀಳ್ಕೊಡುಗೆ ಸಮಾರಂಭದ ಸಿದ್ಧತೆ ನಡೆದಿದ್ದಾಗ ಟೇಪು ಮೇಡಂ ಅವರ ಕೋಣೆಗೆ ಬಂದು, ಬಾಗಿಲಲ್ಲಿ ನಿಂತು, “ಮೇಡಂ, ವೇದಿಕೆ ಮೇಲೆ ನಿಮ್ಮನ್ನ ಮಾಡಲಾ?” ಎಂದು ಕೇಳಿದರು. ಮೇಡಂ ಯೋಚಿಸಲು ಒಂದು ದಿನ ಬೇಕೆಂದರು. ಮರುದಿನ ಕರೆದು ಹೇಳಿದರು: “ಈಗ ಬೇಡಪ್ಪ. ನಾನಿನ್ನೂ ಪೂರ್ತಿ ಆಗಿಲ್ಲ, ಈಗಲೇ ಮಾಡಿದ್ರೆ ಅರ್ಧಂಬರ್ಧ ಆಗುತ್ತೆ. ಎಂಬತ್ತು ತುಂಬಲಿ, ಆಗ ಮಾಡು. ಮುಂದಿನ ಸಾಲಿನಲ್ಲಿ ಕೂತು ನೋಡ್ತೀನಿ.” ಟೇಪು ‘ಸರಿ ಮೇಡಂ’ ಎಂದರು, ಸಮಾರಂಭದಲ್ಲಿ ಸ್ವಾಗತ ಭಾಷಣವನ್ನಷ್ಟೇ ಮಾಡಲಿದ್ದಾರೆ.

ಕೌಶಲ ತರಗತಿಯನ್ನು ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ತೆಗೆದುಕೊಳ್ಳಲು ಮೇಡಂ ಒಪ್ಪಿದ್ದಾರಾದ್ದರಿಂದ ಇದನ್ನು ನಿವೃತ್ತಿಯೆನ್ನುವುದಕ್ಕಿಂತ ಪರಿಷ್ಕೃತ ಆವೃತ್ತಿಯೆನ್ನುವುದೇ ಲೇಸು. ಅವರ ಮೊಣಕಾಲಿಗೆ ಆಸ್ಪತ್ರೆಯ ಮೆಟ್ಟಿಲುಗಳು ಸೌಮ್ಯವಾಗಿರಲಿ, ಸ್ಕೂಟರು ಈಗಿನ ವೇಗವನ್ನೇ ಕಾಯ್ದುಕೊಳ್ಳಲಿ, ತಪ್ಪು ಮಾಡಿ ಬರುವ ವಿದ್ಯಾರ್ಥಿಗಳ ಕೊರತೆ ಅವರಿಗೆ ಎಂದೂ ಆಗದಿರಲಿ. ಎಂಬತ್ತು ತುಂಬುವ ದಿನಕ್ಕೆಂದು ಸಭಾಂಗಣವನ್ನು ವಿಭಾಗ ಈಗಲೇ ಕಾದಿರಿಸಿದೆ. ಅಂದು ಅವರು ‘ಇನ್ನೂ ಬೇಡ, ತೊಂಬತ್ತಕ್ಕೆ ನೋಡೋಣ’ ಎಂದರೆ, ಆ ಮುಂದೂಡಿಕೆಗೆ ಯಾರದೂ ಆಕ್ಷೇಪಣೆಯಿಲ್ಲವೆಂದು ಈ ಮೂಲಕ ಗೌರವಪೂರ್ವಕವಾಗಿ ದಾಖಲಿಸಲಾಗಿದೆ.